ಸೇತುವೆಗೆ ಬಿಟ್ಟ ಸಂದು

ಅಪ್ಪನಿಗೆ,

ಚಿಹಾರು ಮಾಡುವ ನಮಸ್ಕಾರಗಳು. ಅಲ್ಲಿ ಪ್ಲಮ್ ಮರ ಹೂಬಿಟ್ಟಿರಬೇಕು. ಮಂಡಿನೋವು ಹೇಗಿದೆ?

ನನ್ನ ಸೇತುವೆ ಮುಗಿಯಿತು. ನೀವು ಕಟ್ಟಿಸಿದ ಸೇತುವೆ ಭೂಕಂಪದಲ್ಲಿ ಬಿದ್ದ ಜಾಗದಲ್ಲೇ ನಿಂತಿದೆ. ಬರುವ ಭಾನುವಾರ ಮೊದಲ ನಡಿಗೆ. ಹೊಸ ಸೇತುವೆಯನ್ನು ಒಂದೇ ಮನೆಯ ಮೂರು ತಲೆಮಾರು ಮೊದಲು ದಾಟುವುದು ಪದ್ಧತಿಯಲ್ಲವೇ, ಊರಿನವರು ನಮ್ಮ ಮನೆಯನ್ನೇ ಆರಿಸಿದ್ದಾರೆ. ನಾನಿದ್ದೇನೆ, ನಿಮ್ಮ ಮೊಮ್ಮಗಳು ಕೊಯೊಮಿ ಇದ್ದಾಳೆ. ನೀವು ಬೇಕು.

ಯಾವ ಮುಖ ಇಟ್ಟುಕೊಂಡು ಬರಲಿ ಅನ್ನುತ್ತೀರಿ, ಗೊತ್ತು. ಅಂದು ಸೇತುವೆಯ ಜೊತೆಗೇ ಬಿದ್ದು ಕಾಲು ಕಳೆದುಕೊಂಡ ಹಾಲಿನ ವ್ಯಾನಿನ ತ್ಸುಗಾವಾ ಮಾಮ ನಿನ್ನೆ ಸಿಕ್ಕಿದ್ದರು. "ನಿಮ್ಮಪ್ಪ ಇನ್ನೂ ಮೋರೆ ಊದಿಸ್ಕೊಂಡು ಕೂತಿದಾನಾ? ಕಾಲು ಹೋಗಿದ್ದು ನಂದು ಕಣಮ್ಮಾ! ಕುಂಟ್ಕೊಂಡು ನಾನೇ ಬರ್ತಿದೀನಿ, ಅವನಿಗೇನು ಧಾಡಿ?" ಎಂದರು.

ಮುರಿದ ಉಕ್ಕನ್ನೆಲ್ಲ ಗುಜರಿಗೆ ಹಾಕಲು ಹೊರಟವರಿಗೆ ಅಂದು ನೀವು ಅಡ್ಡ ನಿಂತಿರಿ. "ಒಂದು ಬೋಲ್ಟೂ ಮುಟ್ಬೇಡಿ. ತಪ್ಪು ಎಲ್ಲಾಯ್ತು ಅಂತ ಮುಂದಿನವರು ನೋಡ್ಲಿ" ಎಂದಿರಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಓದಿದ್ದು ಅಲ್ಲಿ ಜೋಪಾನವಾಗಿಟ್ಟಿದ್ದ ಆ ಬೋಲ್ಟುಗಳನ್ನೇ. ನೀವು ಸೇತುವೆಯನ್ನು ಕಂಬಗಳಿಗೆ ಬಿಗಿದಿದ್ದಿರಿ. ನಾನು ರಬ್ಬರಿನ ದಿಂಬುಗಳ ಮೇಲೆ ಕೂರಿಸಿದ್ದೇನೆ. ನೆಲ ನಡುಗಿದರೆ ಅದೂ ಅಲುಗುತ್ತದೆ, ಆದರೆ ಬೀಳುವುದಿಲ್ಲ. ಹೋದ ತಿಂಗಳ ಕಂಪನಕ್ಕೆ ಒಂದು ಬಿರುಕೂ ಬಿಡಲಿಲ್ಲ.

ಸಮಾರಂಭಕ್ಕೆ ಉಡುವ ಕಪ್ಪು ಕಿಮೊನೊ ತನ್ನಿ, ಮಂಡಿಗೆ ಪಟ್ಟಿ ಕಟ್ಟಿಕೊಳ್ಳಿ. ಸೇತುವೆಯ ತುದಿಯಲ್ಲಿ ಅಂಗೈ ಅಗಲದ ಸಂದು ಕಾಣುತ್ತದೆ. ಎಲ್ಲರೆದುರು ನನ್ನನ್ನು ಬೈಯಬೇಡಿ. ಅದು ಸೇತುವೆ ಅಲುಗಲೆಂದು ಬಿಟ್ಟ ಜಾಗ. ಎಷ್ಟು ಬಿಡಬೇಕೆಂದು ನನಗೆ ಹೇಳಿದ್ದು ನಿಮ್ಮ ಮುರಿದ ಬೋಲ್ಟುಗಳೇ.

ನಿಮ್ಮ ದಾರಿ ಕಾಯುವ ಮಗಳು,
ಚಿಹಾರು