ಆಡದೆ ಉಳಿದ ಫೈನಲ್

ನಾಸಿಕ
೩ ಮಾರ್ಚ್ ೨೦೨೫

ಪ್ರೀತಿಯ ವಿಜಯಕ್ಕನಿಗೆ ರೂಪಾಳ ಶರಣು.

ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಇರುತ್ತಾರೆ. ನಿನ್ನ ಮೊಣಕಾಲು ನೋವು ಹೇಗಿದೆ? ಆ ಚಿಕಲಠಾಣಾ ಮನೆಯ ಮೆಟ್ಟಿಲು ಸುಮ್ಮಸುಮ್ಮನೆ ಹತ್ತಿಳಿಯಬೇಡ.

ಫೈನಲ್ ಆಗದೆ ಕಾಲೇಜು ಹುಡುಗಿಯರ ಫುಟ್‌ಬಾಲ್ ಕಪ್ ನಿಮ್ಮ ಸಂಭಾಜಿನಗರಕ್ಕೆ ಹೇಗೆ ಬಂತು ಎಂದು ಕೇಳಿದ್ದೀಯ. ಇಲ್ಲಿ ನಮ್ಮ ಅಶ್ವಿತಾಳ ತಂಡ ಒಂದೂ ಪಂದ್ಯ ಸೋತಿರಲಿಲ್ಲ. ಅಲ್ಲಿ ಹರಿಣಾಕ್ಷಿಯ ತಂಡವೂ ಹಾಗೆಯೇ. ಅದೇ, ನಮ್ಮ ಅಶ್ವಿತಾಳಿಗೆ ನೀನು ನೋಡಿದ ವರ ಸುಧೀರನ ತಂಗಿ. ಚಾಂಪಿಯನ್ ಯಾರೆಂದು ಸಮಿತಿಯವರು ಕೂತು ಮತ ಹಾಕಿ ಹೇಳುವುದು ಈ ಕಪ್ಪಿನ ಹಳೆಯ ಪದ್ಧತಿ. ಈ ಸಲ ಎರಡೂ ತಂಡದ ಹುಡುಗಿಯರು ಸೇರಿ, "ಮತ ಬ್ಯಾಡ್ರಿ, ಮೈದಾನ ಕೊಡ್ರಿ" ಎಂದು ಕೇಳಿಕೊಂಡರು. ಮದುವೆಯಾದ ಮೇಲೆ ಆಟ ಬಿಡಬೇಕೆಂದು ಬೀಗರು ಮೊದಲೇ ಹೇಳಿದ್ದರಲ್ಲ. "ಫೈನಲ್ ಒಂದ್ ಆಡ್ತೀನವ್ವ, ಆಮ್ಯಾಲ ಬೂಟ್ ಮುಟ್ಟಂಗಿಲ್ಲ" ಎಂದು ಅಶ್ವಿತಾ ಒಪ್ಪಿದ್ದಳು.

ಕಪ್ ಕೊಡುವುದು ಇವರು ಕೆಲಸ ಮಾಡುವ ಸಿನ್ನರಿನ ಕಂಪನಿ, ಹಾಗಾಗಿ ಇವರೂ ಸಮಿತಿಯಲ್ಲಿದ್ದಾರೆ. ಇಬ್ಬರು ಫೈನಲ್ ಬೇಕೆಂದರು, ಇಬ್ಬರು ಬೇಡವೆಂದರು. ಉಳಿದವರು ನಮ್ಮ ಯಜಮಾನರು. ಬೇಡವೆಂದು ಕೈ ಎತ್ತಿ ಬಂದರು. ಚಹಾ ಕುಡಿಯುತ್ತ ನನಗೆ ಹೇಳಿದ್ದು ಕೇಳು: "ಹರಿಣಾಕ್ಷಿ ಸೋತ್ರ ಬೀಗರ ಮಾರಿ ಸಣ್ಣದಾಗ್ತದ. ನಾವು ಹೆಣ್ಣಿನ ಕಡಿಯವ್ರು, ನಾವೇ ಬಾಗಬೇಕು." ಕಪ್ಪನ್ನೂ ಅವರಿಗೇ ಕೊಡಿಸಿದರಂತೆ. ಬೀಗರಿಗೆ ಸೀರೆ, ಧೋತರ ಕೊಡುವ ಹಾಗೆ ಮಗಳ ಆಟವನ್ನೂ ಕೊಟ್ಟು ಬಂದರು ನೋಡು.

ನನಗೆ ಮೈಯೆಲ್ಲ ಉರಿಯಿತು. "ಹುಡುಗ್ಯಾರು ಆಡಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?" ಎಂದೆ. "ಲಗ್ನ ಮುರದ್ರ ನೀ ಜವಾಬ್ದಾರಿ ಆಗ್ತಿ ಏನು?" ಎಂದರು. ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದೆ.

ಹರಿಣಾಕ್ಷಿ ಅತ್ತಿಗೆಯಾಗುವ ಅಶ್ವಿತಾಳಿಗೆ ಫೋನು ಮಾಡಿ ಅತ್ತಳು. "ವೈನಿ, ಈ ಕಪ್ ಹಿಡಿಲಿಕ್ಕ ನಾಚಿಕಿ ಬರ್ತದ್ರಿ" ಎಂದಳಂತೆ. ಪಾಪ, ಅವಳನ್ನೂ ಯಾರೂ ಏನೂ ಕೇಳಿರಲಿಲ್ಲ. ನಮ್ಮವಳು ಮಾತ್ರ ಅಳಲಿಲ್ಲ. ಊಟ ಮಾಡುತ್ತಾಳೆ, ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ, ಕರೆದರೆ ಬರುತ್ತಾಳೆ. ಮೊದಲಿನ ಹಾಗೆ ನನ್ನೊಡನೆ ಜಗಳವಾಡುವುದೇ ಇಲ್ಲ. ಅದಕ್ಕೇ ನನಗೆ ಹೆದರಿಕೆ, ಅಕ್ಕಾ.

ಲಗ್ನಕ್ಕೆ ಸ್ವಲ್ಪ ಮುಂಚೆಯೇ ಬಾ, ನನಗೆ ಕೈಕಾಲು ಆಡುತ್ತಿಲ್ಲ. ಭಾವನವರಿಗೆ ಶರಣು ಹೇಳು. ನಿನ್ನ ಮೊಮ್ಮಕ್ಕಳು ಸುಖವಾಗಿರಲಿ, ಆಡುವಷ್ಟು ಆಡಿಕೊಳ್ಳಲಿ.

ನಿನ್ನ ತಂಗಿ
ರೂಪಾ

ತಾ.ಕ.: ಬೇಡವೆಂದವರಲ್ಲಿ ಅಪ್ಪನೂ ಒಬ್ಬರೆಂದು ಅಶ್ವಿತಾಳಿಗೆ ಗೊತ್ತಿಲ್ಲ. ನಿನ್ನೆ ಇವರ ಪಕ್ಕ ಕೂತು, "ಪಪ್ಪಾ, ಉಳಿದವ್ರು ಏನರ ಅನ್ಲಿ, ನೀವು ನಮ್ಮ ಪರ ನಿಂತ್ರಿ. ನನಗ ಅಷ್ಟ ಸಾಕ್ರಿ" ಎಂದಳು. ಇವರು ಅವಳ ತಲೆ ಸವರಿ "ಹೂಂ" ಎಂದರು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಹೌದಿಲ್ಲವ್ವ?" ಎಂದು ಕೇಳಿದಳು. ನಾನೂ ಹೌದೆಂದೆ.