ಎರಡು ಸುಳಿ

ಭಾನುವಾರ, ನವೆಂಬರ್ ೧೪

ನನ್ನ ಗುಂಗುರು,

ನಿನಗೆ ಆಶೀರ್ವಾದ ಎಂದು ಬರೆಯಬೇಕೋ ನಮಸ್ಕಾರ ಎಂದು ಬರೆಯಬೇಕೋ ತಿಳಿಯದೆ ಆಗಲೇ ಎರಡು ಹಾಳೆ ಹಾಳಾದವು. ಯಾತ್ರೆಯಿಂದ ಬಂದ ದಿನವೇ ಬರೆಯಬೇಕಿತ್ತು. ಮೈಯೆಲ್ಲ ಉರಿಯುತ್ತಿತ್ತು, ಆವತ್ತು ಬರೆದಿದ್ದರೆ ಬೈಗುಳ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹೊಸ ಹೆಸರು ನಿಮ್ಮ ಗುಡಿಯ ಕಚೇರಿಯಲ್ಲಿ ಹೇಳಿದರು. ಚೆನ್ನಾಗಿದೆ, ಆದರೆ ನನ್ನ ನಾಲಿಗೆ ಹೊರಳುವುದಿಲ್ಲ. ತಲೆ ತುಂಬ ಗುಂಗುರು ಕೂದಲು ಹೊತ್ತುಕೊಂಡೇ ಹುಟ್ಟಿದವಳು ನೀನು, ನಾನು ಹಾಗೇ ಕರೆಯುತ್ತೇನೆ.

ಅಪ್ಪ ಚೆನ್ನಾಗಿದ್ದಾರೆ. ನಿನ್ನ ಮಾತು ಎತ್ತಿದರೆ ರೇಡಿಯೋ ಜೋರು ಮಾಡುತ್ತಾರೆ. ನನ್ನ ಪಾರ್ಲರಿನ ಮೂಲೆಯ ಕುರ್ಚಿ ಕೆಟ್ಟಿದೆ, ಕುಳಿತವರು ಕತ್ತರಿ ಆಡುತ್ತಿರುವಾಗಲೇ ಮೆಲ್ಲಗೆ ಕೆಳಗಿಳಿಯುತ್ತಾರೆ. ಮೊನ್ನೆ ಬ್ಯಾಂಕಿನ ಮೇಡಂ ಕೂದಲು ಒಂದು ಕಡೆ ಗಿಡ್ಡವಾಗಿ, ಅವರು ಮುಖ ಊದಿಸಿಕೊಂಡು ಹೋದರು.

ಬುದ್ಧನ ಹಳೆಯ ಗುಡಿಗಳನ್ನೆಲ್ಲ ತೋರಿಸುವ ಬಸ್ಸಿನಲ್ಲಿ ನಿನ್ನ ಸೋದರತ್ತೆಯನ್ನು ಕಟ್ಟಿಕೊಂಡು ಹೊರಟೆ. ನಿಮ್ಮ ಗುಡಿ ಆ ದಾರಿಯಲ್ಲಿ ಕಟ್ಟಕಡೆಯದು. ನಾನು ಪುಣ್ಯಕ್ಕೆ ಬಂದವಳಲ್ಲ ಎಂದು ನಿನಗೆ ಬೇರೆ ಹೇಳಬೇಕೆ? ನೀನು ಕೊನೆಯ ದೀಕ್ಷೆ ತೆಗೆದುಕೊಳ್ಳುವ ಮೊದಲು ಎದುರಿಗೆ ನಿಂತು ಒಂದೇ ಮಾತು ಕೇಳಬೇಕಿತ್ತು, ಮನೆಗೆ ಬರ್ತೀಯಾ ಅಂತ. ಬರಲ್ಲ ಎಂದಿದ್ದರೆ ತೆಪ್ಪಗೆ ವಾಪಸ್ಸಾಗುತ್ತಿದ್ದೆ. ನೀನು ಹೋಗುವಾಗ ಬರೀ ಫೋನಿನಲ್ಲಿ ಹೇಳಿ ಹೋದೆ, ಅದು ನನಗೆ ಹೇಳಿದ ಲೆಕ್ಕವೇ ಅಲ್ಲ.

ಆದರೆ ಬಸ್ಸು ಮುಂದಕ್ಕೆ ಹೋದರೆ ತಾನೇ? ಪ್ರತಿ ಗುಡಿಯಲ್ಲೂ ನಿನ್ನತ್ತೆಗೆ ಫೋಟೋ ಬೇಕು, ಪ್ರತಿ ಫೋಟೋದಲ್ಲೂ ಕಣ್ಣು ಮುಚ್ಚಿರುತ್ತಾರೆ, ಇನ್ನೊಂದು ತೆಗಿ ಎನ್ನುತ್ತಾರೆ. ಗೈಡು ಮೈಕು ಹಿಡಿದು ಯಾವ ರಾಜ ಯಾವ ಕಂಬ ನಿಲ್ಲಿಸಿದ ಎಂದು ಕೊರೆಯುತ್ತಿದ್ದ. ಕೊನೆಗೂ ನಿಮ್ಮಲ್ಲಿಗೆ ಬಂದರೆ ಗುಡಿಗೆ ರಿಪೇರಿ! ಸುತ್ತ ಕಬ್ಬಿಣದ ಕಂಬ, ಹಸಿರು ಪರದೆ. ಸಾವಿರ ವರ್ಷದ ಬುದ್ಧನ ಪಾದ ಮತ್ತು ಒಂದು ಅಂಗೈ ಬಿಟ್ಟು ಏನೂ ಕಾಣುವುದಿಲ್ಲ. ಮುಖವನ್ನೇ ತೋರಿಸದ ಮೇಲೆ ಟಿಕೆಟ್ ಯಾಕೆ ಹರಿದಿರಿ ಎಂದು ನಿನ್ನತ್ತೆ ಬಾಗಿಲಲ್ಲೇ ಜಗಳ ತೆಗೆದರು. ನಾನು ಆ ಸಂದಿಯಲ್ಲಿ ಕಚೇರಿಗೆ ನುಗ್ಗಿದೆ.

ಅಲ್ಲಿದ್ದವರು ಕನ್ನಡಕ ಹಣೆಗೇರಿಸಿಕೊಂಡು ನಿಧಾನಕ್ಕೆ ಹೇಳಿದರು, “ಅವರೆಲ್ಲ ಮೌನದಲ್ಲಿದ್ದಾರಮ್ಮ. ದೀಕ್ಷೆ ಆಗೋವರೆಗೂ ಮನೆಯವರನ್ನ ಭೇಟಿ ಮಾಡೋ ಹಾಗಿಲ್ಲ.”

ನಾನು ಹೆತ್ತ ತಾಯಿ ಎಂದೆ. ತಲೆಯಾಡಿಸಿದರು. ಇಷ್ಟು ದೂರ ಬಂದಿದ್ದೇನೆ ಎಂದೆ. ಅದಕ್ಕೂ ತಲೆಯಾಡಿಸಿದರು. ಕಾಗದ ಬರೆಯಿರಿ, ದೀಕ್ಷೆ ಆದ ಮೇಲೆ ಕೊಡುತ್ತೇವೆ ಎಂದರು. ಆದ ಮೇಲೆ ನಾನು ಕೇಳಿ ಏನು ಮಾಡಲಿ? ದನಿ ಏರಿಸಿದರೆ ಜಗಳವಾದರೂ ಆಡಬಹುದು, ಅಷ್ಟು ಮೆತ್ತಗೆ ಮಾತಾಡುವವರ ಜೊತೆ ಏನು ಮಾಡುವುದು ಹೇಳು. ಅಪ್ಪ ನನಗೆ ಹೇಳದೆ ನನ್ನ ಚೀಲಕ್ಕೆ ತುರುಕಿದ್ದ ಉಣ್ಣೆಯ ಕಾಲುಚೀಲ ಅಲ್ಲಿ ಕೊಟ್ಟು ಬಂದೆ. ನಿನ್ನ ಕೈ ಸೇರಿತೋ ಇಲ್ಲವೋ.

ಹೊರಗೆ ಅಂಗಳ ಗುಡಿಸುವವರು, ಪಾತ್ರೆ ಹೊರುವವರು, ಎಲ್ಲ ಕಡೆ ಭಿಕ್ಷುಣಿಯರೇ. ಎಲ್ಲರಿಗೂ ಒಂದೇ ಬಟ್ಟೆ, ಎಲ್ಲರದೂ ಬೋಳು ತಲೆ. ಬೀದಿಯಲ್ಲಿ ಹಿಂದಿನಿಂದ ಜಡೆ ನೋಡಿಯೇ ಗಿರಾಕಿಯನ್ನು ಹೆಸರು ಹಿಡಿದು ಕೂಗುವವಳು ನಾನು. ಅಲ್ಲಿ ನನ್ನ ಕಸುಬು ಕೈಕೊಟ್ಟಿತು. ನಿನ್ನ ನೆತ್ತಿಯ ಎರಡು ಸುಳಿ ನೆನಪಾಯಿತು. ಎಣ್ಣೆ ಹಚ್ಚುವಾಗೆಲ್ಲ ಅಪ್ಪ ಅದನ್ನು ನೋಡಿ, ಇವಳಿಗೆ ಎರಡು ಮದುವೆ, ಎರಡು ಸಲ ಊರಿಗೆಲ್ಲ ಊಟ ಹಾಕಿಸಿ ನಾನು ಎಕ್ಕುಟ್ಟಿ ಹೋಗ್ತೀನಿ ಎಂದು ರೇಗಿಸುತ್ತಿದ್ದರು. ಈಗ ಒಂದಕ್ಕೂ ಗತಿಯಿಲ್ಲ.

ಹೊರಡುವ ಮುಂಚೆ ಯಾತ್ರಿಕರನ್ನು ಸಾಲಾಗಿ ನಿಲ್ಲಿಸಿ ನೀರು ಕೊಟ್ಟರು. ಒಬ್ಬ ಭಿಕ್ಷುಣಿ ತಲೆ ಬಗ್ಗಿಸಿ ಕೈಮುಗಿದು ಲೋಟ ಕೊಡುವುದು, ಆಮೇಲೆ ಮುಂದಿನವರು. ನಿನ್ನತ್ತೆ ಎರಡು ಲೋಟ ಕುಡಿದು, ಒಂದು ಮಾತಾದರೂ ಆಡಬಾರದಾ, ಏನು ಬಿಗುಮಾನ ಎಂದು ಗೊಣಗಿದರು. ಬಸ್ಸಿನವನು ಹಾರನ್ ಒತ್ತಿದ. ಹತ್ತಿ ಕೂತೆ. ದಾರಿಯುದ್ದಕ್ಕೂ ನಿನ್ನತ್ತೆ ಫೋಟೋ ತೋರಿಸಿದರು, ನಾನು ಹೂಂಗುಟ್ಟಿದೆ.

ಹೊತ್ತು ಹೊತ್ತಿಗೆ ಸರಿಯಾಗಿ ತಿನ್ನು. ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ಯಾವ ಹೆಸರಿನಲ್ಲಿದ್ದರೂ ತಣ್ಣಗೆ ಬಾಳು, ನನ್ನ ಆಯಸ್ಸೂ ನಿನಗಿರಲಿ. ನೋಡು, ಕೊನೆಗೆ ಆಶೀರ್ವಾದವನ್ನೇ ಬರೆದುಬಿಟ್ಟೆ.

ಇಂತಿ,
ನಿನ್ನ ಅಮ್ಮ

ತಾ.ಕ.: ಒಂದು ಮಾತು ಬಿಟ್ಟು ಬರೆದೆ. ನೀರು ಕೊಟ್ಟವಳು ತಲೆ ಬಗ್ಗಿಸಿದಾಗ ನೆತ್ತಿ ನನ್ನ ಮೂಗಿನ ಕೆಳಗೇ ಬಂತು. ಬೋಳಿಸಿದ ಕೂದಲು ಆಗಷ್ಟೇ ಮೊಳೆತಿತ್ತು. ಎರಡು ಸುಳಿ, ಎಡಗಡೆಯದು ಸ್ವಲ್ಪ ದೊಡ್ಡದು. ಗುಂಗುರು ಎಂದು ಕೂಗಲು ಬಾಯಿ ತೆರೆದೇಬಿಟ್ಟಿದ್ದೆ, ಅಷ್ಟರಲ್ಲಿ ನೀನು ತಲೆ ಎತ್ತಿದೆ. ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದೆ. ನನ್ನ ಮುಂದಿದ್ದ ಹೆಂಗಸಿಗೆ ಎಷ್ಟು ನಕ್ಕಿದ್ದೆಯೋ ಅಷ್ಟೇ ನನಗೂ ನಕ್ಕೆ, ಹಿಂದಿದ್ದವರ ಕಡೆ ತಿರುಗಿದೆ. ಮೌನ ಬಾಯಿಗೆ ತಾನೇ ಕಂದಾ, ಕಣ್ಣಿಗೂ ಇತ್ತಾ? ಅದರ ಮೇಲೆ ಇನ್ನೇನು ಕೇಳಲಿ. ನೀರು ಪೂರ್ತಿ ಕುಡಿದು, ಲೋಟ ಇಟ್ಟು, ಎಲ್ಲರ ಹಾಗೆ ನಾನೂ ನಿನಗೆ ಕೈಮುಗಿದು ಬಂದೆ.

ಆ ಎಡಗಡೆಯ ಸುಳಿಯ ಪಕ್ಕ ಬ್ಲೇಡು ತಾಗಿ ಗಾಯವಾಗಿದೆ. ಸುಳಿಯಲ್ಲಿ ಕೂದಲು ಸುತ್ತಿಕೊಂಡು ಬೆಳೆಯುತ್ತದೆ, ಒಂದೇ ಕಡೆಗೆ ಎಳೆಯಬಾರದು ಎಂದು ನಿನ್ನ ತಲೆ ಬೋಳಿಸುವವರಿಗೆ ಹೇಳು.