ಮೇಲಕ್ಕೆ ಎಳೆದ ಬಾಣ

ನವೆಂಬರ್ ೧೯, ಮಂಗಳವಾರ.

ಇಪ್ಪತ್ತೆರಡು ವರ್ಷದಿಂದ ಮೆಡಿಕಲ್ ಕಾಲೇಜಿನ ಅಂಗರಚನಾಶಾಸ್ತ್ರದ ತರಗತಿಯಲ್ಲಿ ಕಲಿಸುತ್ತಿರುವ ಚಿತ್ರವನ್ನು ಇವತ್ತು ತಪ್ಪಾಗಿ ಬರೆದೆ. ಅನ್ನನಾಳದ ಸಿರೆಗಳು. ಮೇಲ್ಭಾಗದ ರಕ್ತ ಕುತ್ತಿಗೆಯ ಸಿರೆಗೆ, ನಡುವಿನದು ಬೆನ್ನುಮೂಳೆಯ ಪಕ್ಕದ ಸಿರೆಗೆ, ಕೆಳಗಿನದು ಜಠರದ ಸಿರೆಯ ಮೂಲಕ ಲಿವರ್‌ಗೆ ಇಳಿಯಬೇಕು. ನೀಲಿ ಸೀಮೆಸುಣ್ಣ ಹಿಡಿದ ನನ್ನ ಕೈ ಕೊನೆಯ ಬಾಣವನ್ನು ಮೇಲಕ್ಕೆ ಎಳೆದಿತ್ತು.

"ಮೇಡಂ, ಹಂಗಾಗೋದು ಲಿವರ್ ಕೆಟ್ಟವರಲ್ಲಿ ಅಲ್ವಾ?" ಎಂದಳು ಮುಂದಿನ ಬೆಂಚಿನ ಹುಡುಗಿ.

ಹೌದು. ಲಿವರ್ ಗಟ್ಟಿಯಾಗಿ ದಾರಿ ಕಟ್ಟಿದರೆ ರಕ್ತ ಹಿಂದಿರುಗಿ ಅನ್ನನಾಳದ ಈ ತೆಳು ಸಿರೆಗಳಿಗೆ ನುಗ್ಗುತ್ತದೆ. ಅವು ಉಬ್ಬುತ್ತವೆ, ಒಂದು ದಿನ ಒಡೆಯುತ್ತವೆ. ಹೋದ ವರ್ಷ ಅಣ್ಣನಿಗೆ ಹಲ್ಲುಜ್ಜುವಾಗ ಒಡೆದವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಅವನ ಕಣ್ಣು ಹಳದಿಯಾದಾಗಲೇ ಪರೀಕ್ಷೆ ಮಾಡಿಸು ಎಂದಿದ್ದೆ. "ನೀನು ಹೆಣದ ಡಾಕ್ಟರು, ಬದುಕಿರೋರ ಉಸಾಬರಿ ನಿಂಗ್ಯಾಕೆ ಬಿಡೇ" ಎಂದು ನಕ್ಕ. ನಾನೂ ನಕ್ಕು ಸುಮ್ಮನಾದೆ. ಮುಠ್ಠಾಳಿ ನಾನು.

ಬಾಣ ಅಳಿಸಿದೆ. ಆ ಹುಡುಗಿ ಬಿಡಲಿಲ್ಲ. "ಸಿರೆ ಉಬ್ಬಿದಾಗ ನೋವಾಗಲ್ವಾ ಮೇಡಂ?"

"ಇಲ್ಲಮ್ಮ, ಒಡೆಯೋವರೆಗೂ ಗೊತ್ತೇ ಆಗಲ್ಲ" ಎಂದೆ.

ಪುಸ್ತಕದಲ್ಲಿ ಹಾಗೇ ಇದೆ. ರಾತ್ರಿ ಒಬ್ಬಳೇ ಊಟಕ್ಕೆ ಕೂತಾಗ ಒಂದೊಂದು ತುತ್ತು ಇಳಿಯುವುದೂ ಗೊತ್ತಾಗುತ್ತಿತ್ತು. ಕೊನೆಕೊನೆಗೆ ಅಣ್ಣ ಬಹಳ ನಿಧಾನವಾಗಿ ಉಣ್ಣುತ್ತಿದ್ದ. ನಾನು ಎದುರಿಗೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನೋವಿದೆಯಾ ಅಂತ ಒಂದು ದಿನವೂ ಕೇಳಲಿಲ್ಲ.